ಐದು ಕಿಲೋದ ಸಿಲಿಂಡರು

ಈ ಗಾಡಿ ಮೊದಲು ಆಂಬುಲೆನ್ಸ್ ಆಗಿತ್ತು.
ಹನ್ನೊಂದು ವರ್ಷ ಉಡುಪಿಯಿಂದ ಮಂಗಳೂರಿಗೆ
ಅದನ್ನು ಓಡಿಸಿದ ಇವರೇ
ಹರಾಜಿನಲ್ಲಿ ಹಿಡಿದರು.
ಸೈರನ್ ಬಿಚ್ಚಿ ಕೊಡಬೇಕಾಯ್ತು.
ಪಡುಕೆರೆಯ ಮಕ್ಕಳಿಗೆ ಅದು ಗೊತ್ತಿಲ್ಲ,
ಗಾಡಿ ಕಂಡರೆ ಈಗಲೂ ಓಡಿ ಬರುತ್ತವೆ:
"ಯಾರಿಗೆ ಏನಾಯ್ತು?"

ಸ್ಟ್ರೆಚರ್ ಇದ್ದಲ್ಲಿ ಹಾಸಿಗೆ.
ಸಲೈನಿನ ಕೊಕ್ಕೆಗೆ ನನ್ನ ಒದ್ದೆ ರವಿಕೆ,
ಪಕ್ಕದಲ್ಲಿ ಅರ್ಧ ಗೊನೆ ಕದಳಿ.
ಆಮ್ಲಜನಕದ ಸಿಲಿಂಡರನ್ನು ಅಪ್ಪಿಕೊಂಡಿದ್ದ
ಕಬ್ಬಿಣದ ಪಟ್ಟಿ ಮಾತ್ರ ಖಾಲಿ.
"ಗ್ಯಾಸು ಅಲ್ಲೇ ಕೂರಲಿ" ಅಂದರು ಇವರು.

ಕಲ್ಯಾಣಪುರದ ಸಿಪ್ರಿಯನ್ ಬಾಬ್
ಸ್ಟೂಲಿನಿಂದ ಏಳಲೂ ಇಲ್ಲ.
"ಐತಪ್ಪ, ಅದು ಉಸಿರು. ಇದು ಬೇರೆ ಜಾತಿ.
ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ,
ಮಂಚದಡಿ ನಾಯಿಯ ಹಾಗೆ ಮಲಗುತ್ತದೆ,
ಯಾರಾದರೂ ಒಂದು ಕಿಡಿ ಗೀರುವ ತನಕ."
ಹಿಂದಿನ ಮೂಲೆಗೆ ತಗಡಿನ ಗೂಡು ಕಟ್ಟಿದರು,
ಬಾಗಿಲು ಹೊರಗಡೆಗೆ ಮಾತ್ರ,
ತಳದಲ್ಲಿ ಅಂಗೈಯಗಲದ ತೂತು.
ಸಿಲಿಂಡರು ನೆಟ್ಟಗೆ ನಿಂತಿತು, ಎರಡು ಬೆಲ್ಟು ಬಿಗಿದು.
"ಗಾಡಿ ಹೊರಡುವ ಮೊದಲು ಕಿವಿ ತಿರುಪಿ ಮುಚ್ಚಿ.
ಉರಿ ನೀಲಿ ಇರಲಿ. ಹಳದಿಯಾದರೆ ಅದಕ್ಕೆ ಗಾಳಿ ಸಾಲದು.
ಆಗುಂಬೆಯ ಚಳಿ ಅಂತ ಒಲೆ ಉರಿಸಿ ಮಲಗಬೇಡಿ,
ಎಚ್ಚರ ಆಗುವುದಿಲ್ಲ.
ಮತ್ತೆ, ವಾಸನೆ ಬಂದರೆ..."
ಅಂತ ನನ್ನ ಕಡೆ ತಿರುಗಿದರು.

ಹೇಳಬೇಕಾಯ್ತು.
ನನ್ನ ಹೆಸರು ಸುಗಂಧಿ.
ಆ ಜ್ವರದ ವರ್ಷ ಹೋದ ವಾಸನೆ ವಾಪಸು ಬರಲಿಲ್ಲ.
ಶಂಕರಪುರದ ಮಲ್ಲಿಗೆ ಈಗ ಬರೀ ಬಿಳಿ,
ಒಣಮೀನು ಬರೀ ಉಪ್ಪು.
ಅನ್ನ ತಳ ಹಿಡಿದದ್ದು
ಇವರ ಮುಖ ನೋಡಿ ತಿಳಿಯುವುದು.

ಬಾಬ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು,
ತುಂಬಾ ಹೊತ್ತು ಒರೆಸಿದರು.
"ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲ ಮಾರಾಯ್ತಿ.
ಆ ನಾತ ಬೆರೆಸಿದ್ದು, ಜನ ಬದುಕಲಿ ಅಂತ.
ನಿನ್ನ ತನಕ ಅದು ಮುಟ್ಟದಿದ್ದರೆ
ಮೂಗಿನ ಕೆಲಸ ಕಣ್ಣಿಗೆ ಕೊಡು."

ಹಾಗೆ ನನಗೆ ಸಿಕ್ಕಿದ್ದು
ಒಂದು ಸ್ಟೀಲು ಲೋಟ, ಒಂದು ಚೂರು ಬಟ್ಟೆಸೋಪು,
ಇವರ ಹಳೆಯ ಶೇವಿಂಗ್ ಬ್ರಶ್ಶು.
ಮೊಣಕಾಲಿಗಿಂತ ಕೆಳಗೆ ಗೋಡೆಗೆ ಒಂದು ಪುಟ್ಟ ಡಬ್ಬಿ,
ಗ್ಯಾಸು ಮುಟ್ಟಿದರೆ ಕಿರುಚುವಂಥದ್ದು.
ಸೈರನ್ ಕಳೆದುಕೊಂಡ ಗಾಡಿಗೆ ಅಷ್ಟಾದರೂ ಇರಲಿ.

ವಾರಕ್ಕೊಮ್ಮೆ, ಸಿಲಿಂಡರು ಬದಲಿಸಿದಾಗಲೆಲ್ಲ,
ರೆಗ್ಯುಲೇಟರಿನ ಕುತ್ತಿಗೆಗೆ, ಪೈಪಿನ ಕೀಲಿಗೆ ನೊರೆ ಬಳಿಯುತ್ತೇನೆ.
ಕುಕ್ಕರುಗಾಲಲ್ಲಿ ಕೂತು ನೋಡುತ್ತೇನೆ.
ಇವರು ನಗುತ್ತಿದ್ದರು: "ಸಿಲಿಂಡರಿಗೆ ಗಡ್ಡ ಹೆರೆಯುತ್ತೀಯಾ?"

ಮೊನ್ನೆ ಸಂಜೆ, ಪಡುಕೆರೆಯ ಮರಳಲ್ಲಿ ನಿಂತಿದ್ದೆವು.
ಕಟಪಾಡಿಯ ಹೊಂಡಗಳು ಗಾಡಿಯನ್ನು ಚೆನ್ನಾಗಿ ಕುಲುಕಿದ್ದವು.
ಇವರಿಗೆ ಶೀತ, ಮೂಗು ಕಟ್ಟಿ ಮಾತೆಲ್ಲ ಗುಂಯ್.
ಬಂಗುಡೆಗೆ ಮಸಾಲೆ ಹಚ್ಚಿಟ್ಟು
ಒಲೆ ಹಚ್ಚುವ ಮೊದಲು ಬ್ರಶ್ಶು ಆಡಿಸಿದೆ.

ಪೈಪಿನ ಬುಡದಲ್ಲಿ ಒಂದು ಗುಳ್ಳೆ.
ಸಾಸಿವೆಯಷ್ಟು.
ನೋಡುತ್ತಿದ್ದ ಹಾಗೆ ನೆಲ್ಲಿಕಾಯಿಯಷ್ಟು,
ಅದರೊಳಗೆ ಕೆಂಪು ಸಮುದ್ರ, ತಲೆಕೆಳಗಾದ ದೋಣಿ,
ಒಡೆಯಿತು. ಮತ್ತೊಂದು.

ಇವರ ಕೈಯಲ್ಲಿ ಸೊಳ್ಳೆಬತ್ತಿ, ಕಡ್ಡಿಪೆಟ್ಟಿಗೆ.
"ಬೇಡ!" ಅಂದೆ.
ಇಪ್ಪತ್ತಾರು ವರ್ಷದಲ್ಲಿ ಇವರಿಗೆ ನಾನು
ಅಷ್ಟು ಗಟ್ಟಿಯಾಗಿ ಹೇಳಿದ್ದಿಲ್ಲ.
ಕಿವಿ ತಿರುಪಿ ಮುಚ್ಚಿದೆ. ಎರಡೂ ಬಾಗಿಲು ತೆರೆದೆ.
ಸ್ವಿಚ್ಚು ಮುಟ್ಟದೆ ಕತ್ತಲಲ್ಲೇ ಇಳಿದು
ಗಾಳಿಯ ದಿಕ್ಕಿಗೆ ನಡೆದು ನಿಂತೆವು.

ಇವರು ಮೂಗು ಏರಿಸಿ ಏರಿಸಿ ನೋಡಿದರು.
"ನನಗೂ ಏನೂ ಬರುವುದಿಲ್ಲ" ಅಂದರು,
ಆಮೇಲೆ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

ಬೆಳಿಗ್ಗೆ ಬಾಬ್ ಆ ಪೈಪನ್ನು ತುಂಡು ಮಾಡಿ ತೋರಿಸಿದರು,
ಅಚ್ಚೊತ್ತಿದ ವರ್ಷ ಯಾವತ್ತೋ ದಾಟಿತ್ತು.
ದುಡ್ಡು ಬೇಡ ಅಂದರು, ಹೊಸ ಪೈಪಿನದ್ದು ಮಾತ್ರ ತೆಗೆದುಕೊಂಡರು.

ಅದಿರಲಿ, ಆ ರಾತ್ರಿಯ ಮಾತು.
ಲೋಟದಲ್ಲಿ ಉಳಿದ ನೊರೆಗೆ ಪಪ್ಪಾಯಿ ದಂಟು ಅದ್ದಿ
ಮಕ್ಕಳು ಗುಳ್ಳೆ ಊದುತ್ತಿದ್ದವು.
"ಯಾರಿಗೆ ಏನಾಯ್ತು?"
ಯಾರಿಗೂ ಏನೂ ಆಗಲಿಲ್ಲ ಮಕ್ಕಳೇ.
ಮೀನು ಬೇಯಲಿಲ್ಲ, ಅಷ್ಟೇ.
ಅವಲಕ್ಕಿ ಉಂಟು, ಬೆಲ್ಲ ಉಂಟು. ಕೈ ತೊಳೆದು ಬನ್ನಿ.