ಸಳಿ ಎಷ್ಟು ಇಳೀತು

ಕುಂಚಾವರಂ ದಾಟಿದ ಮ್ಯಾಲ, ಸಾಗವಾನಿ ನಡುವ
ಒಂದು ಗಾಲಿಗುರುತು ಅದ.
ಹನ್ನೊಂದು ವರ್ಷದ ಹಿಂದ ಟೆಂಡರ್ ಹಿಡದಾಂವ
ಹಸಿ ನೆಲಕ್ಕ ಟ್ರ್ಯಾಕ್ಟರ್ ಇಳಿಸಿದ್ದ.
ಅಂವ ಸತ್ತ. ಟ್ರ್ಯಾಕ್ಟರ್ ಗುಜರಿಗೆ ಹೋತು.
ಗುರುತಿನ್ಯಾಗ ಇನ್ನಾ ಹುಲ್ಲು ಹುಟ್ಟಿಲ್ಲ.

ವಾಚರ್ ಘಮ್ಲಿಬಾಯಿ ಕಬ್ಬಿಣದ ಸಳಿ ಚುಚ್ಚಿ ತೋರಿಸ್ತಾಳ:
ಮರದ ಬುಡಕ್ಕ ಮೊಳ ಇಳೀತದ,
ಇಲ್ಲಿ ಒಂದು ಗೆಣ್ಣೂ ಇಲ್ಲ.
"ಎರೆಹುಳಕ್ಕ ಬಾಗಲಾ ಹಾಕ್ಯಾರ ನೋಡ್ರಿ, ಸಾಹೇಬ್ರ."

ಈ ಸಲ ನೆಲ ಒಣಗೂ ತನಕ
ಗಾಡಿ ಒಳಗ ಬಿಡಲಿಲ್ಲ ಆಕಿ.
ಕಡಿದ ಟೊಂಗಿ, ತುದಿ, ಎಲಿ ಎಲ್ಲಾ
ದಾರಿಗುಂಟ ಗಾದಿ ಹಂಗ ಹಾಸಿಸಿದ್ಳು.
ಗಾಲಿ ಅದನ್ನ ಮುರಕೋತ ಹೋದ್ವು.
ತಾಂಡಾದ ಹೆಣಮಕ್ಕಳು ಬೈದ್ರು,
ಒಲಿಗಿ ಆಗೂದೆಲ್ಲಾ ನೆಲಕ್ಕ ಉಣಿಸಿದಿ ಅಂತ.
ಬೈದವರಾಗ ಆಕಿ ಸೊಸಿನೂ ಇದ್ಳು.

ನನ್ನ ರಿಜಿಸ್ಟರಿನ್ಯಾಗ
ಮರದ ಸುತ್ತಳತಿಗಿ ಕಾಲಂ ಅದ, ಎತ್ತರಕ್ಕ ಅದ.
ಮಣ್ಣಿಗಿಲ್ಲ.
ಅಂಚಿಗಿ ಪೆನ್ಸಿಲ್ಲಿನಿಂದ ಬರದೆ:
ಗಾಲಿ ಹೋದ ಮ್ಯಾಲ, ಸಳಿ ಮುಕ್ಕಾಲು ಮೊಳ.

ಆ ರಾತ್ರಿ ಆಕಿ ಮನಿಯಾಗ ಉಂಡೆ.
ತೊಗರಿ ಕಟಗಿ ಭಗ್ ಅಂತ ಹತ್ತಿ ಆರ್ತು.
ರೊಟ್ಟಿ ಅರ್ಧ ಹಸಿ.
ಸೊಸಿ ಅದನ್ನೇ ಬಡಿಸಿದ್ಳು,
ಮೊದಲು ಅತ್ತಿಗಿ.