ನಲವತ್ತನೇ ಮರದ ಹತ್ತಿರ

ತಲೆಗೆ ಕಟ್ಟಿದ ಲೈಟು
ನಲವತ್ತನೇ ಮರದ ಹತ್ತಿರ ಸತ್ತಿತು.
ರಾತ್ರಿ ಚಾರ್ಜಿಗೆ ಇಟ್ಟಿದ್ದೆ, ಕರೆಂಟೇ ಇರಲಿಲ್ಲ.
ಬಂದಡ್ಕದ ಕರೆಂಟು ನಂಬಿ ಯಾರು ಬದುಕಿದ್ದಾರೆ?

ಗಂಟೆ ಮೂರೂವರೆ. ಆಟಿ ತಿಂಗಳು.
ಮಳೆ ನಿಂತಿತ್ತು, ಮರಗಳು ಮಾತ್ರ ಸುರಿಯುತ್ತಲೇ ಇದ್ದವು,
ಸೊಂಟಕ್ಕೆ ಪ್ಲಾಸ್ಟಿಕ್ ಲಂಗ ಉಟ್ಟ ರಬ್ಬರು ಮರಗಳು,
ಬಸ್ಸಿಗೆ ಕಾದ ಹೆಂಗಸರ ಹಾಗೆ ಸಾಲಾಗಿ.
ಕತ್ತಲಲ್ಲಿ ಕತ್ತಿ ಹಿಡಿದು ನಡೆಯಬಾರದೆಂದು ನಿಂತೆ.
ಕೈ ನೋಡಿಕೊಂಡೆ. ಕೈ ಇರಲಿಲ್ಲ.

ಆಮೇಲೆ,
ತೋಡಿನ ಆಚೆ ಬಿದಿರು ಮೆಳೆಯ ಬುಡದಲ್ಲಿ
ಯಾರೋ ಬೀಡಿ ಸೇದುತ್ತಿದ್ದಾರೆ ಅಂದುಕೊಂಡೆ.
ಬೀಡಿ ಕೆಂಪಲ್ಲವೇ.
ಮಿಂಚುಹುಳ ಅಂದುಕೊಂಡೆ. ಹುಳ ಆರುತ್ತದೆ, ಹತ್ತುತ್ತದೆ, ಹಾರುತ್ತದೆ;
ಇದು ಕೂತಲ್ಲೇ ಕೂತಿತ್ತು.
ಹಸಿರು ಅಂದರೆ ಹಸಿರೂ ಅಲ್ಲ,
ಹಾಲಿಗೆ ಒಂದು ಚಿಟಿಕೆ ಪಾಚಿ ಕದಡಿದ ಹಾಗೆ.

ಗುಳಿಗನ ಸೂಟೆ ಎನ್ನುತ್ತಾರೆ ಇಲ್ಲಿ.
ಜಲಜಾಕ್ಷಿ ಕಂಡಿದ್ದಾಳೆ, ಮೂರು ದಿನ ಜ್ವರ.
ಕಡಿದರೆ ಮೂವತ್ತು ಸಸಿ ಹಿಡಿಸುವ ಜಾಗ,
ಕುರಿಯಚ್ಚನ ಆಳುಗಳು ಎರಡು ವರ್ಷದಿಂದ
ಆ ಮೆಳೆಗೆ ಕತ್ತಿ ತಾಗಿಸಿಲ್ಲ.
ಕೇಳಿದರೆ ‘ನಾಳೆ’ ಎನ್ನುತ್ತಾರೆ.
ಕನ್ನಡದಲ್ಲೂ ಮಲಯಾಳದಲ್ಲೂ ಅದೇ ನಾಳೆ,
ಅದೇ ಬಾರದ ನಾಳೆ.

ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ.
ಆದರೆ ಇನ್ನೂರ ಅರವತ್ತು ಮರ ಬಾಕಿ ಇತ್ತು,
ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ.
ಬೇರೆ ಬೆಳಕು ಇರಲಿಲ್ಲ,
ಆ ಬೆಳಕಿನ ಕಡೆಗೇ ನಡೆದೆ.

ಅಣಬೆ.

ಕೊಳೆತ ಬಿದಿರಿನ ಗಣ್ಣಿನ ಮೇಲೆ ಹದಿನೇಳು.
(ಮರ ಎಣಿಸಿ ಎಣಿಸಿ, ಏನು ಕಂಡರೂ ಎಣಿಸುತ್ತೇನೆ.)
ಟೊಪ್ಪಿ ಕತ್ತಲೆ, ಕಾಲು ಮಾತ್ರ ಬೆಳಕು,
ತಲೆಯ ಬದಲು ಕಾಲಿಗೆ ಹೊತ್ತಿಕೊಂಡ ಬೆಂಕಿಕಡ್ಡಿಗಳು.
ಮುಟ್ಟಿದೆ. ಲೋಳೆ. ತಂಪು ಲೋಳೆ,
ಬಸವನಹುಳ ಈಗಷ್ಟೇ ದಾಟಿಹೋದ ಹಾಗೆ.
ರಬ್ಬರು ಹಾಲು ಅಂಟಿದರೆ ಉಜ್ಜಿ ಉಂಡೆ ಮಾಡಬಹುದು;
ಇದು ಅಂಟಲೂ ಇಲ್ಲ, ಬಿಡಲೂ ಇಲ್ಲ.
ಬೆರಳು ಬೆಳಗೀತೆಂದು ನೋಡಿದೆ.
ಬೆಳಗಲಿಲ್ಲ. ಸ್ವಲ್ಪ ಬೇಸರವಾಯಿತು.

ಒಂದನ್ನು ಕಿತ್ತು ಚಿರಟೆಯಲ್ಲಿಟ್ಟು ಮನೆಗೆ ತಂದೆ.
ಏಳು ಗಂಟೆಯ ಬೆಳಕಿಗೆ ಅದು
ಕಿವಿಗೆ ಹಾಕುವ ಹತ್ತಿಕಡ್ಡಿಯ ತುಂಡಿನಷ್ಟಿತ್ತು.
“ಇದಾ?” ಅಂದಳು ಶಮಿತಾ, ಜಡೆ ಹೆಣೆಯುತ್ತಾ.
“ಇದೇ.”
ಅವಳು ಬಸ್ಸಿಗೆ ಓಡಿದಳು.
ಕೋಳಿ ಬಂದು ಓರೆಗಣ್ಣಲ್ಲಿ ನೋಡಿತು,
ಅದಕ್ಕೂ ಬೇಡವಾಯಿತು.

ಶನಿವಾರ ಕುರಿಯಚ್ಚ ಕೇಳಿದರು:
“ನೀನು ಆ ಸಾಲಿನವಳಲ್ಲವೇ, ಏನುಂಟು ಅಲ್ಲಿ?”
ಡಿಶ್ಶಿನ ಹಾಲಿಗೆ ಆಸಿಡ್ ಬೆರೆಸುತ್ತಿದ್ದೆ.
ನೊರೆ ತೆಗೆದೆ. ಮತ್ತೊಮ್ಮೆ ತೆಗೆದೆ.
“ಉಂಟು” ಅಂದೆ.
“ಏನು?”
“ಬೆಳಕು.”
ಅವರ ಕೈ ತಾನಾಗಿ ಹಣೆಗೆ ಹೋಯಿತು,
ಎದೆಗೆ ಇಳಿಯಿತು, ಎಡಕ್ಕೆ, ಬಲಕ್ಕೆ.
ಹೇಳಿದ್ದರಲ್ಲಿ ಸುಳ್ಳಿಲ್ಲ.
ಹೇಳದೆ ಉಳಿಸಿದ್ದು ಹದಿನಾರು.

ಈಗ ಚಾರ್ಜು ತುಂಬಿದ್ದರೂ
ನಲವತ್ತನೇ ಮರದ ಹತ್ತಿರ ಲೈಟು ಆರಿಸುತ್ತೇನೆ.
ಕಣ್ಣು ಒಗ್ಗಲು ನೂರರವರೆಗೆ ಎಣಿಸಬೇಕು.
ಕೆಲವು ದಿನ ಎಂಬತ್ತಕ್ಕೇ ಕಾಣುತ್ತದೆ.
ಕೆಲವು ದಿನ ನೂರಿಪ್ಪತ್ತಾದರೂ
ತೋಡಿನ ಸದ್ದು ಬಿಟ್ಟು ಏನೂ ಇಲ್ಲ.

ಹೆದರಿಕೆಯಾಗುವುದು ಆ ದಿನ.