ನಾನೂರ ಹನ್ನೆರಡನೇ ಪುಟದವರೆಗೆ

ಹಂಪನಕಟ್ಟೆಯ ಹಳೆ ಪುಸ್ತಕದವ ತಕ್ಕಡಿಗೆ ಹಾಕಿ ಕೊಟ್ಟ:
ಒಂದು ಕಿಲೋ ಏಳುನೂರು ಗ್ರಾಂ.
'ಬಂಗುಡೆಗಿಂತ ಅಗ್ಗ' ಅಂದೆ. ಅವ ನಗಲಿಲ್ಲ.

ಮೊದಲ ಹಾಳೆಯಲ್ಲಿ ನೀಲಿ ಶಾಯಿ:
ವಿಲ್ಫ್ರೆಡ್ ಕ್ರಾಸ್ತಾ, ವೆಲೆನ್ಸಿಯಾ.
ಕೆಳಗೊಂದು ತಾರೀಕು. ಅದನ್ನು ಹೊಡೆದು ಇನ್ನೊಂದು.
ಅದನ್ನೂ ಹೊಡೆದು ಮತ್ತೊಂದು.
ಪರೀಕ್ಷೆಯ ದಿನವೇ ಇರಬೇಕು.
ಮುಖ ಕಾಣದೆಯೂ ಮನುಷ್ಯನ ಗುರುತಾಯಿತು.

ರಾತ್ರಿ ಪಾಳಿ. ಆಸ್ಪತ್ರೆಯ ನೆಲಮಾಳಿಗೆ,
ಶವಾಗಾರದ ಪಕ್ಕದ ಕೋಣೆ, ಅದಕ್ಕಿಂತಲೂ ತಂಪು.
ಮೇ ತಿಂಗಳ ಮಂಗಳೂರಿನಲ್ಲಿ
ಸ್ವೆಟರ್ ಹಾಕಿ ಕೂತವಳು ನಾನೊಬ್ಬಳೇ.
ಹಸಿರು ದೀಪಗಳು ಮಿಣುಕುತ್ತಿರುವಷ್ಟು ಹೊತ್ತು
ನನ್ನ ಹೆಸರು ಯಾರಿಗೂ ಗೊತ್ತಿಲ್ಲ.
ಎಕ್ಸ್‌ರೇ ನಾಲ್ಕನೇ ಮಹಡಿಗೆ ಹತ್ತದಿದ್ದರೆ
ಡಾಕ್ಟರರ ಬಾಯಲ್ಲೆಲ್ಲ ಹರಿಣಾಕ್ಷಿ, ಹರಿಣಾಕ್ಷಿ.

ಪುಸ್ತಕ ಹೇಳುತ್ತದೆ:
ಹತ್ತು ಸೆಕೆಂಡಿಗೊಮ್ಮೆ ನೆರೆಯವನಿಗೆ ಹಲೋ ಅನ್ನು.
ನಲವತ್ತು ಸೆಕೆಂಡು ಅತ್ತಲಿಂದ ದನಿ ಬಾರದಿದ್ದರೆ
ಸತ್ತನೆಂದು ಬರೆದುಕೋ,
ದಾರಿಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕು.
ಅಂಚಿನಲ್ಲಿ ಕ್ರಾಸ್ತಾರ ಪೆನ್ಸಿಲ್:
'ನಮ್ಮ ಫ್ಲ್ಯಾಟಿನಲ್ಲಿ ಎರಡು ವರ್ಷ.'

ನಂಬಿಕೆಗೂ ಅಂಕಿ ಉಂಟು.
ಕೈಗೆ ತಾಗಿಯೇ ಇರುವ ತಂತಿಗೆ ಸೊನ್ನೆ,
ನೀನೇ ಬರೆದಿಟ್ಟ ದಾರಿಗೆ ಒಂದು,
ನೆರೆಹೊರೆಯಿಂದ ತಿಳಿದದ್ದಕ್ಕೆ ನೂರ ಹತ್ತು,
ಇನ್ನೂರ ಐವತ್ತೈದಾದರೆ ಕಿವಿಗೇ ಹಾಕಿಕೊಳ್ಳಬೇಡ.
ಇದೊಂದನ್ನು ಬಾಯಿಪಾಠ ಮಾಡಬೇಕಾಗಲಿಲ್ಲ.
ಗಂಡನ ಅಣ್ಣನಿಗೆ ಎಷ್ಟೆಂದು
ಅಂಚಿನಲ್ಲಿ ಬರೆದೆ. ಅಳಿಸಿದೆ.

ಬೆಳಗಿನ ಮೊದಲ ಸಿಟಿ ಬಸ್ಸಿನಲ್ಲಿ
ಹೊಯ್ಗೆಬಜಾರಿಗೆ ಹೋಗಬೇಕಾದ ಮುದುಕಿ, ತಲೆಯ ಮೇಲೆ ಬುಟ್ಟಿ.
ಕಂಡಕ್ಟರ್: 'ಸ್ಟೇಟ್‌ಬ್ಯಾಂಕಿನಲ್ಲಿ ಇಳಿಯಿರಿ, ಅಲ್ಲಿ ಕೇಳಿ.'
ಅವನಿಗೆ ಪೂರ್ತಿ ದಾರಿ ಬೇಡ,
ಮುಂದಿನದೊಂದು ನಿಲುಗಡೆ ಗೊತ್ತಿದ್ದರಾಯಿತು.
ಎಂಟು ಪುಟ ತಿರುವಿದರೂ ತಲೆಗೆ ಹತ್ತದ್ದು
ಒಂದು ಟಿಕೇಟಿನ ಸದ್ದಿಗೆ ಹತ್ತಿಬಿಟ್ಟಿತು.
ಮುದುಕಿ ತಲುಪಿದಳೋ ಇಲ್ಲವೋ ನೋಡಲಿಲ್ಲ, ನಿದ್ದೆ.

ಏಳನೇ ಕ್ಲಾಸಿನ ತನ್ವಿತಾ
ಮೀನಿನ ಮುಳ್ಳು ಬಿಡಿಸುತ್ತ ಪ್ರಶ್ನೆ ಓದುತ್ತಾಳೆ,
ಇಂಗ್ಲಿಷನ್ನು ಕಲ್ಲು ಜಗಿದ ಹಾಗೆ.
'ಸರಿಯಾದ ಎರಡನ್ನು ಆರಿಸಿ.'
'ಬಿ.'
'ಅಮ್ಮಾ, ಎರಡು!'
'ಬಿ... ಮತ್ತೆ ಡಿ?'
ಅವಳು ಹಿಂದಿನ ಪುಟ ತಿರುವುತ್ತಾಳೆ, ಎಣ್ಣೆಯ ಬೆರಳಿನಲ್ಲಿ.
'ನಲವತ್ತಕ್ಕೆ ಇಪ್ಪತ್ತಾರು.
ನನಗೆ ಇಷ್ಟು ಬಂದರೆ ನೀನು ಸಹಿ ಹಾಕ್ತೀಯಾ?'

ಒಂದು ರಾತ್ರಿ ಎರಡೂವರೆಗೆ ಇಡೀ ಆಸ್ಪತ್ರೆ ಕಂಗಾಲು.
ಒಂದೇ ಸುದ್ದಿ ಸುತ್ತಿ ಸುತ್ತಿ ತನ್ನನ್ನೇ ಕೂಗುತ್ತಿತ್ತು,
ಬೇರಾರಿಗೂ ಬಾಯಿ ತೆರೆಯಲು ಜಾಗವಿಲ್ಲ.
ಓದಿದ ಅಧ್ಯಾಯ ಒಂದೂ ನೆನಪಾಗಲಿಲ್ಲ,
ತೊಂಬತ್ತಾರನೇ ಪುಟದ ಪೆನ್ಸಿಲ್ ನೆನಪಾಯಿತು:
'ಮೊದಲು ತಂತಿ ನೋಡು. ಬುದ್ಧಿ ಆಮೇಲೆ ಓಡಿಸು.'
ಓಡಿದೆ. ಹೆರಿಗೆ ವಾರ್ಡಿನ ಮೂಲೆಯಲ್ಲಿ
ಯಾರೋ ಪಾಪ, ಜೋತುಬಿದ್ದ ತಂತಿಯ ತುದಿಯನ್ನು
ಅದು ಹೊರಟ ಪೆಟ್ಟಿಗೆಗೇ ಸಿಕ್ಕಿಸಿದ್ದರು.
ಎಳೆದೆ. ಪಕ್ಕದ ಮಂಚದಲ್ಲಿ
ಗಂಟೆ ತುಂಬದ ಮಗು ಆಕಳಿಸಿತು.

ನಾನೂರ ಹನ್ನೆರಡನೇ ಪುಟದಲ್ಲಿ ಪೆನ್ಸಿಲ್ ನಿಲ್ಲುತ್ತದೆ.
ಒಂದನ್ನೊಂದು ಅಷ್ಟಾಗಿ ನಂಬದ ದೊಡ್ಡ ದೊಡ್ಡ ರಾಜ್ಯಗಳು
ಪರಸ್ಪರ ದಾರಿ ತಿಳಿಸುವ ಅಧ್ಯಾಯ.
ಅರ್ಧ ಸಾಲಿನವರೆಗೆ ಗೆರೆ, ಮಡಚಿದ ಮೂಲೆ, ಆಮೇಲೆ ಬಿಳಿ ಅಂಚು.
ಪಾಸಾದರೋ? ನಾಲ್ಕನೇ ತಾರೀಕೇ ಬೇಡ ಅನಿಸಿತೋ?
ವೆಲೆನ್ಸಿಯಾಕ್ಕೆ ಹೋಗಿ ಕೇಳಬಹುದಿತ್ತು, ಹತ್ತೇ ನಿಮಿಷ.
ಹೋಗಲಿಲ್ಲ.
ನಲವತ್ತು ಸೆಕೆಂಡು ಯಾವತ್ತೋ ಕಳೆಯಿತು,
ಬರೆದುಕೊಳ್ಳಲು ಮಾತ್ರ ಕೈ ಬರುವುದಿಲ್ಲ.

ನಾನೂರ ಹದಿಮೂರರಿಂದ ಅಂಚು ನನ್ನದು.
ಪರೀಕ್ಷೆಯ ಶುಲ್ಕ ನಿನ್ನೆ ಕಟ್ಟಿದೆ,
ಒಂದೂವರೆ ತಿಂಗಳ ಸಂಬಳ.
ಮೊದಲ ಹಾಳೆಯಲ್ಲಿ
ಆ ಮೂರು ತಾರೀಕುಗಳ ಕೆಳಗೆ ನನ್ನದನ್ನೂ ಬರೆದೆ.
ಶಾಯಿಯಲ್ಲಲ್ಲ.